ಅಪ್ಪನಿಗೆ ಓದಿ ಹೇಳಿದ ಸಮುದ್ರ

ಆಂತೊಫಗಾಸ್ತಾ, ಚಿಲಿ
4 ಅಕ್ಟೋಬರ್ 1992

ಅಕ್ಕಾ,

ಬಂದ ಮೇಲೆ ಒಂದು ಸಾಲೂ ಬರೆಯಲಿಲ್ಲ ಎಂದು ಬೈದುಕೊಂಡಿರುತ್ತೀಯ. ಬೈದು ಮುಗಿದಿದ್ದರೆ ಮುಂದೆ ಓದು. ನಾನಿವತ್ತು ಮೀನು ಹಿಡಿದೆ.

ಇಲ್ಲಿನ ರೈಲುಗೋದಾಮಿನಲ್ಲಿ ನಮ್ಮ ಕಡೆಯಿಂದ ಬರುವ ಅದಿರಿನ ಚೀಲಗಳನ್ನು ಇಳಿಸುವ ಕೆಲಸ ಸಿಕ್ಕಿದೆ. ನಮ್ಮ ಗುಂಪಿನಲ್ಲಿ ಬೊಲಿವಿಯಾದವನು ನಾನೊಬ್ಬನೇ. ಹಾಗಾಗಿ ಮೊದಲ ದಿನವೇ ನನ್ನ ಹೆಸರು ಹೋಗಿ ‘ಲಾಮಾ’ ಎಂದಾಯಿತು, ನಮ್ಮ ಕಡೆ ಹೇರು ಹೊರುವ ಪ್ರಾಣಿಯ ಹೆಸರೇ. ಹಾಗೆ ಕರೆದವನು ರಿಗೊ. ಉದ್ದನೆಯ ಆಳು, ಮುಂದೊಂದು ಚಿನ್ನದ ಹಲ್ಲು, ತನ್ನ ಮಾತಿಗೆ ತಾನೇ, ಅದು ಮುಗಿಯುವ ಮೊದಲೇ ನಗುತ್ತಾನೆ. ಅವನ ಜೊತೆಗಾರ ಎರ್ನಾನ್ ಎಂಬ ದಪ್ಪಗಿನವನು. ಬಾಯಲ್ಲಿ ಯಾವಾಗಲೂ ಏನಾದರೂ ಇರುತ್ತದಾದ್ದರಿಂದ ಹೆಚ್ಚು ಮಾತಾಡುವುದಿಲ್ಲ. ನನ್ನ ಭಾನುವಾರಗಳು ಹೇಗೆ ಕಳೆಯುತ್ತವೆ ಎಂದು ರಿಗೊನೇ ಒಂದು ದಿನ ಕೇಳಿ ಉತ್ತರವನ್ನೂ ತಾನೇ ಹೇಳಿದ. “ಗೋಡೆ ನೋಡ್ತಾ ಕೂತಿರ್ತೀಯ. ಬಾರೋ ಲಾಮಾ, ನಿಂಗೆ ನೀರು ತೋರಿಸ್ತೀನಿ.”

ಊರಿನ ದಕ್ಷಿಣಕ್ಕೆ ಕಪ್ಪು ಬಂಡೆಗಳಿವೆ. ಅಲ್ಲಿ ಕೋಲು ಗೀಲು ಏನೂ ಇಲ್ಲ. ಖಾಲಿ ಡಬ್ಬಕ್ಕೆ ನೈಲಾನ್ ದಾರ ಸುತ್ತಿರುತ್ತಾರೆ, ತುದಿಗೆ ಸೀಸದ ಗುಂಡು, ಗಾಳ, ಗಾಳಕ್ಕೆ ಜಜ್ಜಿದ ಏಡಿ. ತಲೆಯ ಮೇಲೆ ತಿರುಗಿಸಿ ಬೀಸಬೇಕು. ನನ್ನ ಮೊದಲ ಬೀಸು ಎರ್ನಾನನ ಟೋಪಿ ಹಿಡಿಯಿತು, ಎರಡನೆಯದು ನನ್ನದೇ ಹೆಬ್ಬೆರಳು ಹಿಡಿಯಿತು. ರಿಗೊ ಗಾಳದ ಮೊನೆಯನ್ನು ಆಚೆಗೆ ತೂರಿಸಿ ಇಕ್ಕಳದಿಂದ ಮುರಿದು ತೆಗೆದ. ಮದ್ಯ ಸುರಿದು ಉಳಿದದ್ದನ್ನು ತಾನು ಕುಡಿದ. ಇಬ್ಬರೂ ನಗುತ್ತಿದ್ದರು. ನಾನೂ ನಕ್ಕೆ. ಬಂದ ಮೇಲೆ ನಾನು ನಕ್ಕದ್ದು ಅದೇ ಮೊದಲು ಎಂದು ಆಮೇಲೆ ಹೊಳೆಯಿತು.

ಮಧ್ಯಾಹ್ನದ ಹೊತ್ತಿಗೆ ದಾರ ಜಗ್ಗಿತು. ಅದನ್ನು ಹೇಗೆ ಹೇಳಲಿ? ದಾರದ ಆ ತುದಿಯಲ್ಲಿ ಕಾಣದ ಪ್ರಾಣಿಯೊಂದು ಇದೆ, ಅದಕ್ಕೆ ನಿನ್ನ ಮೇಲೆ ಸಿಟ್ಟು ಬಂದಿದೆ, ಅಷ್ಟು. ಎಳೆದೆ. ಮೊಣಕೈ ಉದ್ದದ ಮೀನು. ಬಂಡೆಯ ಮೇಲೆ ಬಡಿದುಕೊಳ್ಳುತ್ತಿತ್ತು, ನಾನು ಪಕ್ಕದಲ್ಲಿ ಕುಕ್ಕರಗಾಲಲ್ಲಿ ಕೂತು ನೋಡುತ್ತಿದ್ದೆ. “ಏನ್ ಕಾಯ್ತಿದೀಯ, ಪಾದ್ರೀನ ಕರೆಸ್ಲಾ?” ಎಂದು ರಿಗೊ ಅದರ ಕಿವಿರಿಗೆ ಬೆರಳು ತುರುಕಿ ತಲೆಯನ್ನು ಬಂಡೆಗೆ ಅಪ್ಪಳಿಸಿದ. ಎರಡನೆಯ ಮೀನಿಗೆ ಅದನ್ನು ನಾನೇ ಮಾಡಿದೆ.

ಅಲ್ಲೇ ಸುಟ್ಟು ಬ್ರೆಡ್ಡಿನ ಜೊತೆ ತಿಂದೆವು. ಅಪ್ಪನಿಗೆ ಮೀನಿನ ವಿಷಯ ಓದು. ಜೊತೆಗಿದ್ದವರು ಚಿಲಿಯವರು ಎಂಬುದನ್ನು ಬಿಟ್ಟುಬಿಡು.

ನಿನ್ನ
ಲಿನೊ


ಕೊಲ್ಚಾನಿ, ಬೊಲಿವಿಯಾ
15 ನವೆಂಬರ್ 1992

ಲಿನೊ,

ನೀನು ಮೀನು ಹಿಡಿಯುತ್ತಿದ್ದ ಭಾನುವಾರ ನಾನು ಉಪ್ಪು ಕಡಿಯುತ್ತಿದ್ದೆ. ಅಪ್ಪನಿಗೆ ಈಗ ಕೊಡಲಿ ಎತ್ತಲು ಆಗುವುದಿಲ್ಲ. ಹೊಟ್ಟೆಯಲ್ಲಿ ಏನೋ ಗಟ್ಟಿಯಾಗಿದೆ, ಮುಟ್ಟಿದರೆ ಕೈ ತಳ್ಳುತ್ತಾನೆ. ಆದರೂ ಬೆಳಿಗ್ಗೆ ನನ್ನ ಜೊತೆ ಉಪ್ಪಿನ ಬಯಲಿಗೆ ಬಂದು ಉಪ್ಪಿನ ಗುಡ್ಡೆಯ ಮೇಲೆ ಕೂತು ನಾನು ಎಲ್ಲಿ ತಪ್ಪಾಗಿ ಕಡಿದೆ ಎಂದು ಹೇಳುತ್ತಾನೆ. ಅಷ್ಟಕ್ಕೆ ಮಾತ್ರ ಅವನಿಗೆ ಶಕ್ತಿ ಇದೆ.

ನಿನ್ನ ಕಾಗದ ಓದಿದೆ. ನೀನು ಹೇಳಿದ್ದನ್ನು ಬಿಟ್ಟು ಓದಿದೆ. ಆದರೆ ಅಪ್ಪ ದಡ್ಡನಲ್ಲ. ಆ ಊರಲ್ಲಿ ಜೊತೆಗಾರರು ಇನ್ಯಾರಿರುತ್ತಾರೆ? “ನಮ್ಮ ನೀರಲ್ಲಿ ಮೀನು ಹಿಡಿಯಾಕೆ ಅವರ ಅಪ್ಪಣೆ ತಗಂಡ್ನಾ?” ಎಂದು ಕೇಳಿದ. ನನಗೆ ಗೊತ್ತಿಲ್ಲ ಎಂದೆ. ಅವನ ಅಜ್ಜ ಆ ಊರು ನಮ್ಮದಾಗಿದ್ದಾಗ ಲಾಮಾಗಳ ಮೇಲೆ ಉಪ್ಪು ಹೇರಿಕೊಂಡು ಅಲ್ಲಿಗೇ ಹೋಗಿ ಬರುತ್ತಿದ್ದನಂತೆ, ಆಮೇಲೆ ಯುದ್ಧವಾಗಿ ಚಿಲಿಯವರು ನಮ್ಮ ಕಡಲತೀರವನ್ನೆಲ್ಲ ಕಿತ್ತುಕೊಂಡರಂತೆ. ಇದನ್ನು ಅವನು ನನಗೆ ಎಷ್ಟನೆಯ ಸಲ ಹೇಳಿದ ಎಂದು ನೀನು ಊಹಿಸಬಹುದು. ನೀನು ಹೋದ ಮೇಲೆ ಕೇಳಿಸಿಕೊಳ್ಳಲು ಈ ಮನೆಯಲ್ಲಿ ಇರುವುದು ನಾನೊಬ್ಬಳೇ ತಾನೆ.

ಮಾರ್ಚಿನಲ್ಲಿ, ಕಳೆದುಕೊಂಡ ಕಡಲನ್ನು ನೆನೆಯುವ ಸಮುದ್ರದ ದಿನದ ಮೆರವಣಿಗೆಗೆ ಈ ಸಲವೂ ಬಾವುಟ ತಾನೇ ಹಿಡಿಯುತ್ತೇನೆ ಎಂದು ಈಗಲೇ ಹೇಳಿಕೊಂಡು ತಿರುಗುತ್ತಿದ್ದಾನೆ. ಕಡಲನ್ನು ಕಣ್ಣಿಂದ ಕಾಣದವನು. ನೀನು ನೋಡಿದ್ದೀಯ. ಬಣ್ಣ ಯಾವುದು ಎಂದು ಕೇಳುತ್ತಿದ್ದಾನೆ, ಬರೆ.

ನಿನ್ನ ಜೊತೆ ಆ ರೈಲು ಹತ್ತಬೇಕೆಂದು ನಾನೂ ಬಟ್ಟೆ ಕಟ್ಟಿಟ್ಟಿದ್ದೆ. ನಿನಗೆ ನೆನಪಿದೆಯೋ ಇಲ್ಲವೋ.

ಬಸಿಲಿಯಾ


ಆಂತೊಫಗಾಸ್ತಾ
24 ಜನವರಿ 1993

ಅಕ್ಕಾ,

ಬಣ್ಣ ಹಸಿರು, ಮಂಜು ಬಿದ್ದಾಗ ಬೂದಿ. ಅಪ್ಪನಿಗೆ ಇಷ್ಟು ಓದು. ಮುಂದಿನದು ನಿನಗೆ ಮಾತ್ರ. ದಯವಿಟ್ಟು.

ಕ್ರಿಸ್‌ಮಸ್ ಆದ ಮೇಲಿನ ಭಾನುವಾರ ರಿಗೊ ನಮ್ಮನ್ನು ಹೊಸ ಜಾಗಕ್ಕೆ ಕರೆದುಕೊಂಡು ಹೋದ. ದಡದಿಂದ ಒಂದಿಷ್ಟು ದೂರದಲ್ಲಿ ಒಂಟಿ ಬಂಡೆ. ನೀರು ಇಳಿದಾಗ ನಡುವಿನ ಕಲ್ಲುಗಳ ಮೇಲೆ ಕಾಲಿಟ್ಟು ದಾಟಬಹುದು. ಅಲ್ಲಿ ಮೀನು ನಿಜಕ್ಕೂ ಚೆನ್ನಾಗಿ ಸಿಕ್ಕಿತು. ನನ್ನ ಕೈಗೆ ಅವರಿಬ್ಬರಿಗಿಂತ ಹೆಚ್ಚು ಬರುತ್ತಿತ್ತು. ನಾನು ನೀರಿಗೆ ಬೆನ್ನು ಕೊಟ್ಟು ಗಾಳಕ್ಕೆ ಏಡಿ ಸಿಕ್ಕಿಸುತ್ತಿದ್ದಾಗ ಅವರು ಯಾವಾಗ ಎದ್ದು ಹೋದರೋ ತಿಳಿಯಲಿಲ್ಲ. ತಲೆ ಎತ್ತಿದರೆ ಇಬ್ಬರೂ ದಡದಲ್ಲಿದ್ದಾರೆ, ನಡುವಿನ ಕಲ್ಲುಗಳು ಮುಳುಗಿವೆ.

ನನಗೆ ಈಜು ಬರುವುದಿಲ್ಲ ಎಂದು ಅವರಿಗೆ ಗೊತ್ತು. ನಾನೇ ಹೇಳಿದ್ದೆ.

ಮೊದಲು ತಮಾಷೆ ಎಂದುಕೊಂಡೆ. ಅವರಿಗೂ ಅದು ತಮಾಷೆಯೇ. ರಿಗೊನ ಕೈಯಲ್ಲಿ ಹಗ್ಗ ಇತ್ತು, ತೇಲುಬುರುಡೆ ಕಟ್ಟಿದ ಹಗ್ಗ. ಅದನ್ನು ಆಡಿಸುತ್ತಾ ಕೂಗಿದ. “ಈ ಸಮುದ್ರ ಯಾರ್ದು ಹೇಳು ಲಾಮಾ. ಹೇಳಿದ್ರೆ ಹಗ್ಗ.” ನಾನು ಅವನ ತಾಯಿಯ ಹೆಸರೆತ್ತಿ ಬೈದೆ. ಎರ್ನಾನ್ ಬ್ರೆಡ್ಡು ತಿನ್ನುತ್ತಿದ್ದ. ನೀರು ಪಾದಕ್ಕೆ ಬಂತು, ಮೊಣಕಾಲಿಗೆ ಬಂತು. ಅಲೆ ಬಂದಾಗ ಬಂಡೆಯೇ ಕಾಲಡಿಯಿಂದ ಸರಿದಂತಾಗುತ್ತದೆ. ಹಿಡಿಯಲು ಪಾಚಿ ಬಿಟ್ಟರೆ ಏನೂ ಇರಲಿಲ್ಲ. ನೀರು ಎಷ್ಟು ತಣ್ಣಗಿರುತ್ತದೆ ಎಂದರೆ ಕಾಲು ನಿನ್ನದಲ್ಲ ಅನ್ನಿಸುತ್ತದೆ. ಎದೆಯವರೆಗೆ ಬಂದಾಗ ಕೂಗಿದೆ. ಚಿಲಿಯದು ಎಂದೆ. ಕೇಳಿಸಲಿಲ್ಲ ಎಂದ. ಮತ್ತೆ ಕೂಗಿದೆ. ನಿಮ್ಮಪ್ಪನ ಮೇಲೆ ಆಣೆ ಇಟ್ಟು ಹೇಳು ಎಂದ. ಅದನ್ನೂ ಹೇಳಿದೆ, ಅಕ್ಕಾ. ಅಪ್ಪನ ಹೆಸರು ಸಹಿತ.

ಆಗ ಹಗ್ಗ ಬಿತ್ತು.

ದಡಕ್ಕೆ ಎಳೆದ ಮೇಲೆ ರಿಗೊ ತನ್ನ ಉಣ್ಣೆಯಂಗಿ ಬಿಚ್ಚಿ ನನಗೆ ತೊಡಿಸಿದ. ಬೆನ್ನು ಉಜ್ಜಿದ. ಬೆಂಕಿ ಹಾಕಿ ನನ್ನ ಮೀನನ್ನೇ ಸುಟ್ಟು ದೊಡ್ಡ ತುಂಡು ನನಗೆ ಕೊಟ್ಟ. ಸೋಮವಾರದ ಹೊತ್ತಿಗೆ ಇಡೀ ಗೋದಾಮಿಗೆ ಗೊತ್ತಾಗಿತ್ತು. ಮುಂದಿನ ಭಾನುವಾರ ನಾನು ಮತ್ತೆ ಅವರ ಜೊತೆ ಹೋದೆ. ಯಾಕೆ ಎಂದು ಕೇಳಬೇಡ. ಇಲ್ಲಿ ನನಗೆ ಇನ್ಯಾರಿದ್ದಾರೆ?

ಇದನ್ನು ಒಬ್ಬರಿಗಾದರೂ ಹೇಳದಿದ್ದರೆ ಉಸಿರು ಕಟ್ಟುತ್ತಿತ್ತು. ನಿನಗೆ ಹೇಳಿದ್ದೇನೆ. ಓದಿ ಒಲೆಗೆ ಹಾಕು.

ಲಿನೊ


ಕೊಲ್ಚಾನಿ
28 ಮಾರ್ಚ್ 1993

ಲಿನೊ,

ಓದಿದೆ. ಪೂರ್ತಿ ಓದಿದೆ. ಅಪ್ಪ ಎದುರಿಗಿದ್ದ, ತೊರಿಬಿಯೊ ಮಾವನೂ ಇದ್ದ, ಅವನ ಹೆಂಡತಿ ಬಾಗಿಲ ಬಳಿ ಉಣ್ಣೆ ನೂಲುತ್ತಿದ್ದಳು. ‘ನಿನಗೆ ಮಾತ್ರ’ ಎಂದು ನೀನು ಬರೆದಿದ್ದ ಸಾಲಿಗೆ ಬಂದಾಗ ನಿಲ್ಲಿಸಬಹುದಾಗಿತ್ತು. ನಿಲ್ಲಿಸಲಿಲ್ಲ. ಆ ಸಾಲನ್ನೂ ಓದಿದೆ.

ಬಾಯಿ ತಪ್ಪಿ ಬಂತು ಎಂದು ಬರೆಯಬಹುದು, ನೀನು ನಂಬುತ್ತೀಯ ಕೂಡ. ಹಾಗಲ್ಲ. ನಿನ್ನ ಬಗ್ಗೆ ಈ ಮನೆಯಲ್ಲಿ ಒಳ್ಳೆಯದನ್ನೇ ಓದಿ ಓದಿ ನನಗೆ ಸಾಕಾಗಿತ್ತು. ನೀನು ದೂರದಲ್ಲಿದ್ದೂ ಮಗ, ನಾನು ಹತ್ತಿರವಿದ್ದೂ ಉಪ್ಪು ಕಡಿಯುವ ಕೊಡಲಿ. ಒಂದು ದಿನವಾದರೂ ಅವನು ನಿನ್ನನ್ನು ಸರಿಯಾಗಿ ನೋಡಲಿ ಅನ್ನಿಸಿತು.

ನೋಡಿದ. ‘ಅಪ್ಪನ ಹೆಸರು ಸಹಿತ’ ಎನ್ನುವಾಗ ಎದ್ದು ಹೊರಗೆ ಹೋದ. ಸ್ವಲ್ಪ ಹೊತ್ತಿಗೆ ಹೊಗೆಯ ವಾಸನೆ ಬಂತು. ನಿನ್ನ ಹಾಸಿಗೆಯನ್ನು ಅಂಗಳಕ್ಕೆ ಎಳೆದು ಬೆಂಕಿ ಇಟ್ಟಿದ್ದ. ಅದರಲ್ಲಿ ಒಳ್ಳೆಯ ಎರಡು ಕಂಬಳಿಗಳಿದ್ದವು. ಮಾವ ತಡೆಯಲು ಹೋದ. ಅಪ್ಪ ಹೇಳಿದ್ದು ಇಷ್ಟೇ. “ಸತ್ತೋರ ಹಾಸಿಗೆ ಇಟ್ಕಬಾರ್ದು.”

ಮಾವನ ಹೆಂಡತಿಯ ಬಾಯಿ ನಿನಗೆ ಗೊತ್ತು. ಇಪ್ಪತ್ತಮೂರರಂದು ಮೆರವಣಿಗೆಗೆ ಅಪ್ಪ ಕೋಟು ತೊಟ್ಟು ಶಾಲೆಯ ಬಳಿ ಹೋದರೆ ಬಾವುಟ ಆಗಲೇ ಬೇರೆಯವನ ಕೈಯಲ್ಲಿತ್ತು. ಅಪ್ಪ ಎಲ್ಲರಿಗಿಂತ ಹಿಂದೆ, ನಾಯಿಗಳ ಜೊತೆ ನಡೆದು ಬಂದ. ಬಂದವನು ಮಲಗಿದ. ಅಂದಿನಿಂದ ಎರಡು ಗುಟುಕು ಗಂಜಿಗಿಂತ ಹೆಚ್ಚು ಮುಟ್ಟುವುದಿಲ್ಲ. ಹಸಿವು ಮರೆಸುವ ಕೋಕಾ ಎಲೆ ಜಗಿಯುತ್ತಾನೆ, ಗೋಡೆಯ ಕಡೆ ತಿರುಗುತ್ತಾನೆ. ಊಯುನಿ ಪಟ್ಟಣದಿಂದ ದಾದಿ ಬಂದು ಹೊಟ್ಟೆ ಮುಟ್ಟಿ ನೋಡಿದಳು. ಆಸ್ಪತ್ರೆಗೆ ಒಯ್ದರೂ ಒಂದೇ, ಒಯ್ಯದಿದ್ದರೂ ಒಂದೇ ಎಂದಳು.

ನಿನ್ನನ್ನು ಬಾ ಎಂದು ಕರೆಯುತ್ತಿಲ್ಲ. ಬಂದರೂ ಅವನು ನಿನ್ನ ಕಡೆ ಮುಖ ತಿರುಗಿಸುವುದಿಲ್ಲ.

ಬಸಿಲಿಯಾ


ಆಂತೊಫಗಾಸ್ತಾ
18 ಏಪ್ರಿಲ್ 1993

ಬಸಿಲಿಯಾ,

ನಿನ್ನ ಕಾಗದವನ್ನು ಮಡಿಸಿ ಎತ್ತಿಟ್ಟಿದ್ದೇನೆ. ಅದಕ್ಕೆ ಉತ್ತರ ಇವತ್ತಲ್ಲ. ಇದನ್ನು ಅಪ್ಪನಿಗೆ ಓದು. ಒಂದು ಪದವನ್ನೂ ಬಿಡದೆ ಓದು. ಆ ಕೆಲಸ ನಿನಗೆ ಚೆನ್ನಾಗಿ ಬರುತ್ತದೆ.

ಈಸ್ಟರ್ ಮುಂಚಿನ ಪವಿತ್ರ ವಾರದಲ್ಲಿ ಗೋದಾಮಿಗೆ ರಜೆ ಇತ್ತು. ಮೂವರೂ ದಕ್ಷಿಣದ ಬಂಡೆಗಳಿಗೆ ಹೋಗಿದ್ದೆವು. ಸಮುದ್ರ ಕೆಟ್ಟದಾಗಿತ್ತು, ಎರ್ನಾನ್ ಬೇಡ ಎಂದ. ರಿಗೊ ಕೇಳುವವನಲ್ಲ. ದಾರ ಕೆಳಗೆಲ್ಲೋ ಸಿಕ್ಕಿಕೊಂಡಿತೆಂದು ಅಂಚಿಗೆ ಇಳಿದು ಬಗ್ಗಿದ. ಅಲೆ ಬಂತು. ಅಲೆ ಹೋದಾಗ ಅವನಿರಲಿಲ್ಲ.

ಅವನಿಗೆ ಈಜು ಬರುತ್ತದೆ. ಆದರೆ ಆ ಬಟ್ಟೆಯಲ್ಲಿ, ಆ ಬೂಟುಗಳಲ್ಲಿ ಯಾರೂ ಈಜಲಾರರು. ಎರ್ನಾನ್ ರಸ್ತೆಯ ಕಡೆ ಓಡಿದ, ಜನರನ್ನು ಕರೆತರಲು ಎಂದು ಆಮೇಲೆ ಹೇಳಿದ. ಹಗ್ಗ ನನ್ನ ಕಾಲ ಬಳಿ ಇತ್ತು. ಅದೇ ಹಗ್ಗ. ಆಗ ನನಗೆ ಏನೂ ನೆನಪಾಗಲಿಲ್ಲ ಎಂದರೆ ಸುಳ್ಳು. ಎಲ್ಲಾ ನೆನಪಾಯಿತು. ಅಪ್ಪ ನಾಯಿಗಳ ಜೊತೆ ನಡೆದು ಬಂದದ್ದನ್ನು ನಾನು ಕಂಡವನಲ್ಲ, ಅದೂ ನೆನಪಾಯಿತು. ಅಷ್ಟೆಲ್ಲ ನೆನಪಾಗುತ್ತಿರುವಾಗಲೇ ಕೈ ಹಗ್ಗವನ್ನು ಎಸೆದಾಗಿತ್ತು.

ಮೂರು ಸಲ ಎಸೆದ ಮೇಲೆ ಹಿಡಿದ. ಬಂಡೆಯ ಬಿರುಕಿಗೆ ಕಾಲು ಒತ್ತಿ ಎಳೆದೆ. ಎರಡೂ ಅಂಗೈಗಳ ಚರ್ಮ ಹೋಗಿದೆ, ಆದ್ದರಿಂದ ಅಕ್ಷರ ಹೀಗಿದೆ. ಮೇಲೆ ಬಂದವನು ಹೊಟ್ಟೆಯಲ್ಲಿದ್ದುದನ್ನೆಲ್ಲ ಕಾರಿಕೊಂಡು ನನ್ನ ಕಾಲು ಹಿಡಿದು ಮಲಗಿದ. ಬಹಳ ಹೊತ್ತಾದ ಮೇಲೆ “ನಿನ್ನ ಜಾಗದಲ್ಲಿ ನಾನಿದ್ದಿದ್ರೆ ಎಳೀತಿರ್ಲಿಲ್ಲ ಕಣೋ” ಎಂದ. ಈಗ ಅವನು ನನ್ನನ್ನು ಲಿನೊ ಎಂದು ಕರೆಯುತ್ತಾನೆ. ಅವನ ತಾಯಿ ಎಲ್ವಿರಾ ದಿನಾ ಸಂಜೆ ನನ್ನನ್ನು ಕೂರಿಸಿ ಉಣಿಸುತ್ತಾಳೆ, ಚಮಚ ಹಿಡಿಯಲಾಗದ್ದಕ್ಕೆ ತಾನೇ ಸೂಪು ಕುಡಿಸುತ್ತಾಳೆ.

ಅಪ್ಪನಿಗೆ ಹೇಳು. ಆ ನೀರು ಯಾರದ್ದಾದರೂ ಆಗಲಿ, ಅದರ ಬಾಯಿಂದ ಒಬ್ಬ ಮನುಷ್ಯನನ್ನು ಅವನ ಮಗ ಕಿತ್ತುಕೊಂಡು ಬಂದಿದ್ದಾನೆ. ಹಾಸಿಗೆ ಇಲ್ಲದಿದ್ದರೂ ಪರವಾಗಿಲ್ಲ, ನೆಲದಲ್ಲಿ ಮಲಗುತ್ತೇನೆ. ಬಾ ಎಂದು ಒಂದು ಮಾತು ಅನ್ನಲಿ.

ಲಿನೊ ಕಲಿಸಾಯಾ


ಕೊಲ್ಚಾನಿ
9 ಮೇ 1993

ಲಿನೊ,

ನಿಧಾನವಾಗಿ ಓದು. ಓದಿ ಮುಗಿಸುವವರೆಗೆ ಬೈಯಬೇಡ.

ನಿನ್ನ ಕಾಗದವನ್ನು ಅಪ್ಪನಿಗೆ ಓದಲು ಕೂತೆ. ಗೋಡೆಯ ಕಡೆಗೇ ಇದ್ದ. ಅಲೆ ಬಂತು, ರಿಗೊ ನೀರಿಗೆ ಬಿದ್ದ, ಹಗ್ಗ ನನ್ನ ಕಾಲ ಬಳಿ ಇತ್ತು ಎನ್ನುವಲ್ಲಿಗೆ ಓದಿದೆ. ಅಪ್ಪ ಈ ಕಡೆ ತಿರುಗಿದ. ಎಷ್ಟೋ ವಾರಗಳಾಗಿತ್ತು ಅವನ ಮುಖ ಕಂಡು. ಮೊಣಕೈ ಊರಿ ಎದ್ದು ಕೂತ. ಕಣ್ಣು ಹೇಗೆ ಹೊಳೆಯುತ್ತಿತ್ತು ಎಂದರೆ ನನಗೆ ಭಯವಾಯಿತು.

“ಬಿಟ್ನಾ?” ಎಂದ.

ನಾನು ಮುಂದಿನ ಸಾಲಿನ ಮೇಲೆ ಬೆರಳಿಟ್ಟೆ.

“ಓದೇ. ಬಿಟ್ನಾ ಅವನ್ನ? ಮುಳುಗಿಸಿದ್ನಾ?”

ಬಿಟ್ಟ ಎಂದೆ. ಬಾಯಿಂದ ಬಂದೇಬಿಟ್ಟಿತು. ಈ ಸಲ ನಿಜವಾಗಿಯೂ ಯೋಚಿಸಿ ಹೇಳಿದ್ದಲ್ಲ.

ಅಪ್ಪ ಅತ್ತ. ಅಮ್ಮ ಸತ್ತಾಗ ಅಳದವನು. ಆಮೇಲೆ ಹಸಿವು ಎಂದ. ಕಿನೋವಾ ಗಂಜಿ ಒಂದು ಬಟ್ಟಲು ಕುಡಿದ, ಇನ್ನೊಂದು ಕೇಳಿದ. ಮಾವನನ್ನು ಕರೆಸಿದ. ಮಾವ ಬಂದು ಕೇಳಿ ಮನೆಯಿಂದ ಮದ್ಯ ತಂದು ನೆಲಕ್ಕೆ ಸುರಿದು ಭೂಮಿತಾಯಿಗೆ ಒಪ್ಪಿಸಿ ಉಳಿದದ್ದನ್ನು ಇಬ್ಬರೂ ಕುಡಿದರು. ಮರುದಿನದಿಂದ ಜನ ಬರುತ್ತಿದ್ದಾರೆ. ಒಬ್ಬರು ಕುರಿಮರಿಯ ಮಾಂಸ ತಂದರು. ಮೆರವಣಿಗೆಯಲ್ಲಿ ಬಾವುಟ ಹಿಡಿದಿದ್ದವನೇ ಬಂದು ಅಪ್ಪನ ಕೈ ಹಿಡಿದು ಕ್ಷಮೆ ಕೇಳಿದ. ಅಪ್ಪ ನಿನ್ನನ್ನು ‘ನನ್ನ ಮಗ’ ಎನ್ನುತ್ತಾನೆ. ಹೊಸ ಕಂಬಳಿ ನೇಯಲು ಹೇಳಿದ್ದಾನೆ.

ನಿಜ ಹೇಳೋಣವೆಂದು ಒಂದು ಸಲ ಬಾಯಿ ತೆರೆದೆ. ಸುಮ್ಮನೆ, ಪರೀಕ್ಷೆಗೆಂದು, ಒಂದು ವೇಳೆ ನೀನು ಅವನನ್ನು ಎಳೆದು ಉಳಿಸಿದ್ದರೆ ಎಂದು ಕೇಳಿದೆ. ಅಪ್ಪ ನಕ್ಕ. “ನನ್ನ ಹೆಸರಿನ ಮೇಲೆ ಆಣೆ ಹಾಕಿಸ್ದೋನ್ನ ಉಳ್ಸಿದ್ರೆ, ಅವನು ನಂಗೆ ಹುಟ್ಟಿದೋನಲ್ಲ” ಎಂದ.

ಈಗ ದಿನಾ ಕೇಳುತ್ತಾನೆ. ಹೇಗೆ ಮುಳುಗಿದ, ಏನು ಕೂಗಿದ, ಎಷ್ಟು ಹೊತ್ತು ಹಿಡಿಯಿತು. ನಾನು ಏನೇನೋ ಹೇಳಿದೆ. ಹೇಳಲು ಇದ್ದದ್ದೆಲ್ಲ ಮುಗಿದುಹೋಯಿತು. ನಾನು ಸಮುದ್ರ ನೋಡಿದವಳಲ್ಲ, ಮುಳುಗುವವರು ಏನು ಮಾಡುತ್ತಾರೆಂದು ನನಗೇನು ಗೊತ್ತು? ಮೊನ್ನೆ ಹೇಳಿದ್ದು ಇವತ್ತು ಹೇಳಿದ್ದಕ್ಕೆ ಹೊಂದುವುದಿಲ್ಲ, ಅವನು ಹಿಡಿದುಬಿಡುತ್ತಾನೆ. ನೀನೇ ಒಂದು ಕಾಗದ ಬರೆ. ಅವನ ಹೆಸರಿಗೆ, ಅವನಿಗೆ ಬೇಕಾದ ಹಾಗೆ. ಅವನು ಈ ಜೂನಿನ ಚಳಿಗಾಲ ದಾಟುವುದಿಲ್ಲ. ನೋವು ಬಂದಾಗ ಕಂಬಳಿ ಕಚ್ಚುತ್ತಾನೆ, ಆ ಮಾತು ಎತ್ತಿದರೆ ಕಚ್ಚಿದ್ದನ್ನು ಬಿಡುತ್ತಾನೆ. ನನ್ನ ಹತ್ತಿರ ಬೇರೆ ಔಷಧಿ ಇಲ್ಲ.

ನನ್ನ ಮೇಲಿನ ಸಿಟ್ಟನ್ನು ಆಮೇಲೆ ತೀರಿಸಿಕೋ.

ಬಸಿಲಿಯಾ


ಆಂತೊಫಗಾಸ್ತಾ
23 ಮೇ 1993

ಅಪ್ಪಾ,

ಅಕ್ಕ ಓದುತ್ತಾಳೆ, ಮಲಗಿಯೇ ಕೇಳು.

ಆ ದಿನ ನೀರು ಕರ್ರಗಿತ್ತು. ಅವನು ಬಿದ್ದ ತಕ್ಷಣ ಮೇಲೆ ಬಂದು ನಕ್ಕ. ನಾನು ಹಗ್ಗ ಎಸೆಯುತ್ತೇನೆಂಬುದರಲ್ಲಿ ಅವನಿಗೆ ಅನುಮಾನವಿರಲಿಲ್ಲ. “ಎಸಿಯೋ ಲಾಮಾ” ಎಂದ. ನಾನು ಬಂಡೆಯ ಮೇಲೆ ಕೂತೆ. ಹಗ್ಗ ತೆಗೆದುಕೊಂಡು ಅಂಗೈಗೂ ಮೊಣಕೈಗೂ ಸುತ್ತತೊಡಗಿದೆ, ಹೇರು ಇಳಿಸಿದ ಮೇಲೆ ನೀನು ಸುತ್ತುತ್ತಿದ್ದ ಹಾಗೆ, ಸಾವಕಾಶವಾಗಿ. ಅದನ್ನು ನೋಡಿದ ಮೇಲೆ ಅವನ ನಗು ನಿಂತಿತು.

ಸಮುದ್ರ ಯಾರದು ಎಂದು ಕೇಳಿದೆ. ನಿಮ್ಮದು ಎಂದ. ಕೇಳಿಸಲಿಲ್ಲ ಎಂದೆ. “ನಿಂದು, ನಿಮ್ಮಪ್ಪಂದು, ಯಾರ್ದು ಅಂತೀಯೋ ಅವರ್ದು” ಎಂದು ಕೂಗಿದ. ಕೂಗಲು ಬಾಯಿ ತೆರೆದಾಗ ನೀರು ಒಳಗೆ ಹೋಯಿತು. ಆಗ ನಾನು ಹೇಳಿದೆ. “ನಮ್ದು ಅಂತ ಗೊತ್ತಿದ್ದೂ ಕೇಳ್ದೆ ಒಳಗೆ ಬಂದಿದೀಯಲ್ಲೋ.”

ಮುಳುಗುವವರು ಕೈ ಬೀಸುತ್ತಾರೆಂದು ಜನ ತಿಳಿದಿದ್ದಾರೆ. ಹಾಗಲ್ಲ. ಕೈ ನೀರನ್ನು ಒತ್ತುತ್ತದೆ, ಏಣಿ ಹತ್ತುವವರ ಹಾಗೆ. ಕಣ್ಣು ನಿನ್ನನ್ನೇ ನೋಡುತ್ತಿರುತ್ತದೆ, ಆದರೆ ನಿನ್ನ ಗುರುತು ಇರುವುದಿಲ್ಲ. ಮೊದಲು ದೇವರನ್ನು ಕರೆದ, ಆಮೇಲೆ ಎರ್ನಾನನನ್ನು. ಕೊನೆಗೆ ತಾಯಿಯನ್ನು ಕರೆದ, ಅಮ್ಮ ಎಂದಲ್ಲ. ಅವಳ ಹೆಸರು ಹಿಡಿದು, ಪಕ್ಕದ ಮನೆಯವಳನ್ನು ಕರೆಯುವ ಹಾಗೆ, ಎಲ್ವಿರಾ, ಎಲ್ವಿರಾ ಎಂದು ಕರೆದ. ಆಮೇಲೆ ಕರೆಯಲಿಲ್ಲ. ತಲೆಗೂದಲು ಒಂದಿಷ್ಟು ಹೊತ್ತು ನೀರ ಮೇಲೆ ಹರಡಿಕೊಂಡಿತ್ತು, ಪಾಚಿಯಂತೆ. ಒಂದು ಬೂಟು ಮೇಲೆ ಬಂತು. ಹಕ್ಕಿಯೊಂದು ಬಂದು ಅದನ್ನು ಕುಕ್ಕಿ ನೋಡಿ, ತಿನ್ನುವುದಲ್ಲವೆಂದು ಹಾರಿಹೋಯಿತು.

ಅವನು ಹಿಡಿದ ಮೀನುಗಳು ಬಕೆಟ್ಟಿನಲ್ಲಿದ್ದವು. ಮನೆಗೆ ತಂದು ಹುರಿದು ತಿಂದೆ. ಚೆನ್ನಾಗಿತ್ತು.

ನಿನ್ನ ಮಗ
ಲಿನೊ

ಅಕ್ಕಾ, ಈ ಹಾಳೆ ನಿನಗೆ. ರಿಗೊನ ಮನೆಯಲ್ಲೇ ಒಂದೇ ಸಲ ಕೂತು ಬರೆದೆ. ಕಷ್ಟವಾಗುತ್ತದೆ ಎಂದುಕೊಂಡಿದ್ದೆ. ಒಂದು ಪದವನ್ನೂ ಹೊಡೆದುಹಾಕಬೇಕಾಗಲಿಲ್ಲ. ಬರೆಯುವಾಗ ಎಲ್ವಿರಾ ಪಕ್ಕದ ಕೋಣೆಯಲ್ಲಿ ನನ್ನ ಅಂಗಿಗೆ ಗುಂಡಿ ಹಾಕುತ್ತಿದ್ದಳು. ಯಾರಿಗೆ ಕಾಗದ ಎಂದು ಕೇಳಿದಳು. ಅಪ್ಪನಿಗೆ ಎಂದೆ. ತನ್ನದೂ ಒಂದು ನಮಸ್ಕಾರ ಬರೆ ಎಂದಳು.


ಕೊಲ್ಚಾನಿ
6 ಜೂನ್ 1993

ಲಿನೊ,

ಅಪ್ಪ ಮಂಗಳವಾರ ಹೋದ. ಚಳಿಗೆ ಮಣ್ಣು ಗಡ್ಡೆಕಟ್ಟಿತ್ತು, ಗುಂಡಿ ತೋಡಲು ಕಬ್ಬಿಣದ ಸಲಾಕೆ ಬೇಕಾಯಿತು.

ನಿನ್ನ ಕಾಗದ ಸಮಯಕ್ಕೆ ತಲುಪಿತು. ಓದಿಸಿದ, ಮತ್ತೆ ಓದಿಸಿದ, ಮಾವನನ್ನು ಕರೆಸಿ ಅವನೆದುರೂ ಓದಿಸಿದ. ಕೊನೆಯ ದಿನಗಳಲ್ಲಿ ನಾನು ಓದುತ್ತಿದ್ದರೆ ಅವನ ತುಟಿಯೂ ಜೊತೆಗೆ ಅಲ್ಲಾಡುತ್ತಿತ್ತು. ಹೋಗುವಾಗ ನೋವು ಪಟ್ಟ, ಆದರೆ ಸಂತೋಷದಿಂದ ಹೋದ. ಅದನ್ನು ನಾನು ಕಣ್ಣಾರೆ ಕಂಡೆ. ನನ್ನ ಬಗ್ಗೆ ಏನೂ ಹೇಳಲಿಲ್ಲ. ಕಂಬಳಿ ನಿನಗೆ ಎಂದ.

ನೀನು ಸದ್ಯಕ್ಕೆ ಬರಬೇಡ. ಬಂದರೆ ಅದನ್ನು ನಿನ್ನ ಬಾಯಿಂದಲೇ ಹೇಳಿಸುತ್ತಾರೆ, ಮದ್ಯ ಕೊಟ್ಟು ಸುತ್ತ ಕೂರುತ್ತಾರೆ. ಮುಂದಿನ ಮಾರ್ಚಿಗೆ ಬಾವುಟ ನಿನ್ನ ಕೈಗೆ ಎಂದು ಮಾವ ನಿಶ್ಚಯಿಸಿದ್ದಾನೆ. ಅವನು ಅಷ್ಟಕ್ಕೇ ನಿಲ್ಲಿಸಿಲ್ಲ. ಉಪ್ಪು ತುಂಬಿಸಲು ನಿಲ್ದಾಣಕ್ಕೆ ಹೋದಾಗಲೆಲ್ಲ ರೈಲಿನವರಿಗೂ ಹೇಳುತ್ತಾನೆ, ನಿನ್ನ ಹೆಸರು, ಆ ಊರಿನ ಹೆಸರು, ಸತ್ತವನ ಹೆಸರು ಎಲ್ಲ. ನಾನು ಬೇಡವೆಂದೆ. ನಾನು ಯಾರು ಬೇಡವೆನ್ನಲು? ಆ ರೈಲು ನಿನ್ನ ಗೋದಾಮಿಗೇ ಬರುತ್ತದೆ. ಎಚ್ಚರವಾಗಿರು.

ಇನ್ನೊಂದು ಮಾತು. ಆ ಸುಳ್ಳನ್ನು ಹುಟ್ಟಿಸಿದವಳು ನಾನೇ, ನನಗೆ ಗೊತ್ತು. ಆದರೆ ನಿನ್ನ ಕಾಗದವನ್ನು ಅಷ್ಟು ಸಲ ಓದಿದೆನಲ್ಲ. ಅವನು ತಾಯಿಯನ್ನು ಹೆಸರು ಹಿಡಿದು ಕರೆದದ್ದು, ಆ ಬೂಟು, ಆ ಹಕ್ಕಿ. ಇವು ಕೂತಲ್ಲಿ ಹೊಳೆಯುವ ಮಾತುಗಳಲ್ಲ. ಏಪ್ರಿಲಿನ ಕಾಗದವನ್ನು ಪಕ್ಕದಲ್ಲಿಟ್ಟು ನೋಡಿದೆ. ಅದರಲ್ಲಿ ನೀನು ಮನೆಗೆ ಬರಲು ಬೇಡಿಕೊಳ್ಳುತ್ತಿದ್ದೀಯ. ಇದರಲ್ಲಿ ಏನನ್ನೂ ಬೇಡುತ್ತಿಲ್ಲ. ಮನುಷ್ಯ ಸುಳ್ಳು ಹೇಳುವುದು ಬೇಡುವಾಗ ತಾನೆ?

ರಿಗೊ ಬದುಕಿದ್ದರೆ ಅವನ ಕೈಯಿಂದ ಒಂದು ಸಾಲು ಬರೆಸಿ ಕಳಿಸು. ಸಾಕು, ಇನ್ನು ಕೇಳುವುದಿಲ್ಲ.

ಬಸಿಲಿಯಾ


ಆಂತೊಫಗಾಸ್ತಾ
19 ಜೂನ್ 1993, ಶನಿವಾರ

ಅಕ್ಕಾ,

ಅಪ್ಪ ಹೋದದ್ದು ನಿನ್ನ ಕಾಗದಕ್ಕಿಂತ ಮೊದಲೇ ತಿಳಿಯಿತು. ರೈಲಿನವರು ಹೇಳಿದರು. ಉಳಿದದ್ದನ್ನೂ ಅವರೇ ಹೇಳಿದರು, ನನಗಲ್ಲ.

ನಿನ್ನೆ ಚೀಲ ಇಳಿಸುತ್ತಿದ್ದಾಗ ರಿಗೊ ನಗುತ್ತಾ ಬಂದ. “ಲಿನೊ, ನಾನು ಸತ್ತಿದೀನಂತೆ. ನೀನೇ ಕೊಂದ್ಯಂತೆ.” ಸುತ್ತಲಿದ್ದವರೆಲ್ಲ ನಕ್ಕರು. ನಾನು ನಗಲು ನೋಡಿದೆ. ನನ್ನ ಮುಖದಲ್ಲಿ ಅವನಿಗೆ ಏನು ಕಂಡಿತೋ, ಅವನ ನಗು ಅರ್ಧಕ್ಕೆ ನಿಂತಿತು. ಹಾಗೆ ನಿಂತದ್ದನ್ನು ನಾನು ಹಿಂದೆಂದೂ ಕಂಡಿರಲಿಲ್ಲ. ಯಾರು ಹಬ್ಬಿಸಿದ್ದು ಎಂದು ಕೇಳಿದ. ಗೊತ್ತಿಲ್ಲ ಎಂದೆ. “ಎಲ್ವಿರಾ ಅಂತ ಕೂಗ್ದೆನಂತೆ. ನಮ್ಮಮ್ಮನ ಹೆಸರು ಅವರಿಗೆ ಹೆಂಗೆ ಗೊತ್ತು?” ನಾನು ಚೀಲ ಎತ್ತಿಕೊಂಡು ಹೋದೆ.

ಸಂಜೆ ಅವನ ಮನೆಗೆ ಹೋಗಲಿಲ್ಲ. ನಾನು ಹೋಗದ ದಿನ ಎಲ್ವಿರಾ ಬಟ್ಟಲು ಮುಚ್ಚಿ ಯಾರ ಕೈಯಲ್ಲಾದರೂ ಕಳಿಸುತ್ತಿದ್ದಳು, ನಿನ್ನೆ ಕಳಿಸಲಿಲ್ಲ.

ನೀನು ಒಂದು ಸಾಲು ಕೇಳಿದ್ದೀಯ. ಅದನ್ನು ಬರೆಸಬೇಕಾದರೆ ಯಾಕೆ ಎಂದು ಅವನಿಗೆ ಹೇಳಬೇಕು. ಹೇಳಲಾರೆ. ಅವನು ಬದುಕಿದ್ದಾನೆ. ನಂಬಿದರೆ ನಂಬು.

ಈಗ ಸ್ವಲ್ಪ ಹೊತ್ತಿನ ಹಿಂದೆ ಬಾಗಿಲಿಗೆ ಬಂದಿದ್ದ. ಒಳಗೆ ಬರಲಿಲ್ಲ. ನಾಳೆ ಮೀನಿಗೆ ಹೋಗೋಣ ಎಂದ. ಎರ್ನಾನ್ ಬರುವುದಿಲ್ಲವಂತೆ, ನಾವಿಬ್ಬರೇ. ನಾನು ಏನು ತರಲಿ ಎಂದು ಕೇಳಿದೆ.

“ಏನೂ ತರ್ಬೇಡ. ನೀನು ಬಾ ಸಾಕು” ಎಂದ.

ಬರುತ್ತೇನೆ ಎಂದಿದ್ದೇನೆ.

ಲಿನೊ